ಬಳಕೆಯಲ್ಲಿರುವ ಫೈಲು

ಪೋಸ್ಟ್ ಮಾಸ್ಟರು ಏಳನೆಯ ಸಲ ಅಳಿಸುವ ಕೀಲಿಯನ್ನು ಒತ್ತಿದರು. ಹಳೆಯ ಕಂಪ್ಯೂಟರು ಒಂದು ಗಳಿಗೆ ಗೊರಗುಟ್ಟಿ, ಅದೇ ಬೂದು ಚೌಕವನ್ನು ಮತ್ತೆ ಎದುರಿಗೆ ತಂದಿಟ್ಟಿತು: ಫೈಲು ಬಳಕೆಯಲ್ಲಿದೆ, ಅಳಿಸಲಾಗದು.

“ಯಾರ ಬಳಕೇಲಿದೆ, ದರಿದ್ರವೇ?” ಎಂದು ಅವರು ಪರದೆಯನ್ನೇ ಕೇಳಿದರು. “ಬಳಸೋಳು ಹಾಲ್‌ನಲ್ಲಿ ಮಲಗಿದಾಳಲ್ಲ!”

ಹೆಣ ಮನೆಯಲ್ಲಿರುವಾಗ ಬಾಯಿಂದ ಇಂಥ ಮಾತು ಬಂತಲ್ಲ ಎಂದು ನಾಲಿಗೆ ಕಚ್ಚಿಕೊಂಡು, ‘ದೇವರೇ, ತಪ್ಪಾಯಿತು. ಇದೊಂದನ್ನು ಮಾಡಿಸಿಕೊಡು’ ಎಂದು ಕಣ್ಣು ಮುಚ್ಚಿದರು. ಕಣ್ಣು ಬಿಟ್ಟಾಗಲೂ ಚೌಕ ಅಲ್ಲೇ ಇತ್ತು.

ಹತ್ತೂವರೆಗೆ ಹೆಂಡತಿಯನ್ನು ಒಯ್ಯುವ ಗಾಡಿ ಬರುವುದಿತ್ತು. ಅಷ್ಟರಲ್ಲಿ ಅಮ್ಮನದೊಂದು ಒಳ್ಳೆಯ ಫೋಟೋ ಹುಡುಕುತ್ತೇನೆಂದು ಮಗಳು ಬೆಳಿಗ್ಗೆಯೇ ಹೇಳಿದ್ದಳು. ಫೋಟೋಗಳೆಲ್ಲ ಇದ್ದದ್ದು ಇದೇ ಕಂಪ್ಯೂಟರಿನಲ್ಲಿ. ಅವುಗಳ ಪಕ್ಕದಲ್ಲೇ ‘ಪುಟ್ಟಿ’ ಎಂಬ ಹೆಸರಿನ ಈ ಫೈಲು. ಪುಟ್ಟಿ ಎಂದರೆ ಮಗಳೇ. ತನ್ನ ಹೆಸರು ಕಂಡ ಮೇಲೆ ತೆರೆಯದೆ ಬಿಟ್ಟಾಳೆಯೇ?

*

ಹೆಂಡತಿ ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಟೈಪಿಸ್ಟ್ ಆಗಿದ್ದವಳು. ಸಿಟ್ಟು ಬಂದರೆ ಯಾರನ್ನೂ ಬೈಯುತ್ತಿರಲಿಲ್ಲ; ಸೀದಾ ಹೋಗಿ ಕಂಪ್ಯೂಟರಿನ ಮುಂದೆ ಕೂತು, ಬೈಯಬೇಕಾದದ್ದನ್ನೆಲ್ಲ ಟೈಪ್ ಮಾಡುತ್ತಿದ್ದಳು. ಕೀಲಿಗಳ ಸದ್ದಿನಿಂದಲೇ ಇವತ್ತು ಯಾರ ಸರದಿ ಎಂದು ಪೋಸ್ಟ್ ಮಾಸ್ಟರಿಗೆ ತಿಳಿಯುತ್ತಿತ್ತು: ಎಡೆಬಿಡದೆ ಬಡಿದರೆ ತಮ್ಮದು, ತಡೆತಡೆದು ಬಡಿದರೆ ಮಗಳದು. ಬರೆದು ಮುಗಿದ ಮೇಲೆ ಎಲ್ಲವನ್ನೂ ಅಳಿಸಿ, ಮುಖ ತೊಳೆದು ಬಂದು, “ಊಟಕ್ಕೆ ಏಳಿ” ಎನ್ನುತ್ತಿದ್ದಳು. ಅಲ್ಲಿಗೆ ಜಗಳ ಮುಗಿಯಿತು.

ಕಿಡ್ನಿ ಕೆಟ್ಟು ಹಾಸಿಗೆ ಹಿಡಿದವಳು ಹೋದ ಗುರುವಾರ ಅವರನ್ನು ಹತ್ತಿರ ಕರೆದಳು.

“ಒಂದು ಉಳಿದುಬಿಟ್ಟಿದೆ. ಪುಟ್ಟಿ ಮೇಲೆ ಬರೆದದ್ದು. ನೀರು ಕೇಳಿದ್ರೆ ಲೋಟಕ್ಕೆ ಗೆರೆ ಹಾಕಿ ಅಳೆದು ಕೊಡ್ತಾಳೆ ನೋಡಿ, ಆ ಸಿಟ್ಟು. ಬರೆದು ಸುಸ್ತಾಗಿ ಹಾಗೇ ಬಂದು ಮಲಗಿದೆ, ಆಮೇಲೆ ಅಳಿಸೋಕೆ ಎದ್ದು ಹೋಗೋಕಾಗ್ಲಿಲ್ಲ. ನೀವು ಅಳಿಸಿಬಿಡಿ. ಓದಬೇಡಿ.”

“ಡಾಕ್ಟರು ಹೇಳಿದ್ದಕ್ಕೆ ತಾನೇ ಅವಳು ಅಳೆದು ಕೊಡೋದು?”

“ಗೊತ್ತು ರೀ. ಬಾಯಾರಿದವರಿಗೆ ನ್ಯಾಯ ಎಲ್ಲಿಂದ ಬರಬೇಕು? ಅವಳ ಕಣ್ಣಿಗೆ ಬಿದ್ರೆ ಬದುಕಿರೋವರೆಗೂ ಕೊರಗ್ತಾಳೆ. ದೇವರಾಣೆ ಮಾಡಿ.”

ಪೋಸ್ಟ್ ಮಾಸ್ಟರು ಆಣೆ ಮಾಡಿದರು. ಆದರೆ ಅಂದು ಅಳಿಸಲಿಲ್ಲ, ಮರುದಿನವೂ ಅಳಿಸಲಿಲ್ಲ. ಅವಳಿನ್ನೂ ಉಸಿರಾಡುತ್ತಿರುವಾಗ ಅಳಿಸಿದರೆ ತಾವೇ ಅವಳನ್ನು ಬೀಳ್ಕೊಟ್ಟಂತೆ ಎನಿಸಿತ್ತು.

*

ಬಾಗಿಲಲ್ಲಿ ಕಂಪ್ಯೂಟರ್ ರಿಪೇರಿಯವನು ಬಂದು ನಿಂತ. ಹದಿನೈದು ವರ್ಷಗಳಿಂದ ಈ ಯಂತ್ರದ ಜೀವ ಉಳಿಸಿಕೊಂಡು ಬಂದವನು ಅವನೇ. ಕೈಯಲ್ಲಿ ಹೂವಿತ್ತು.

“ಈ ಹೊತ್ತಲ್ಲಿ ಕಂಪ್ಯೂಟರಾ ಸಾರ್?”

“ಒಂದು ಫೈಲು ಅಳಿಸಬೇಕು. ಯಾಕೆ ಅಂತ ಕೇಳಬೇಡಪ್ಪ.”

“ಕೇಳಲ್ಲ ಬಿಡಿ. ಈ ಮುದುಕನ್ನ ಕಳಿಸಿ ಹೊಸದು ತಗೊಳ್ಳಿ ಅಂತ ಅಮ್ಮಾವ್ರಿಗೆ ಎಷ್ಟು ಸಲ ಹೇಳಿದ್ದೆ. ‘ಮನೇಲಿರೋ ಮುದುಕನ್ನೇ ಬದಲಾಯಿಸಿಲ್ಲ, ಇದನ್ನ ಬದಲಾಯಿಸ್ತೀನಾ’ ಅಂತಿದ್ರು.”

ಪೋಸ್ಟ್ ಮಾಸ್ಟರು ನಕ್ಕುಬಿಟ್ಟರು. ಹಾಲ್ ಕಡೆ ನೋಡಿ ಬಾಯಿಗೆ ಕೈ ಅಡ್ಡ ಹಿಡಿದರು.

ರಿಪೇರಿಯವನು ಹೂವನ್ನು ಪ್ರಿಂಟರಿನ ಮೇಲಿಟ್ಟು ಕೂತ. ಫೈಲಿಗೆ ‘ಓದಲು ಮಾತ್ರ’ ಎಂಬ ಗುರುತು ಬಿದ್ದಿದೆಯೇ ಎಂದು ನೋಡಿದ, ಇರಲಿಲ್ಲ. ಪರದೆಯ ಮೇಲೆ ತೆರೆದಿದ್ದ ಕಿಟಕಿಗಳನ್ನೆಲ್ಲ ಒಂದೊಂದಾಗಿ ಮುಚ್ಚಿದ. ಕಪ್ಪು ಪರದೆ ತೆರೆದು ಕೈಯಾರೆ ಆಜ್ಞೆ ಬರೆದು ನೋಡಿದ. ಎಲ್ಲದಕ್ಕೂ ಅದೇ ಉತ್ತರ. ಗಡಿಯಾರ ಹತ್ತು ದಾಟಿತು.

“ಹಟಮಾರಿ ಮುಂಡೇಮಗ. ಒಂದ್ಸಲ ಪೂರ್ತಿ ಮುಚ್ಚಿ ತೆಗೆಯೋಣ,” ಎಂದು ಮುಚ್ಚುವ ಗುಂಡಿ ಒತ್ತಿದ. ಬೇರೊಂದು ಚೌಕ ಬಂತು. ಅದನ್ನು ಓದಿದವನ ಕೈ ಹಾಗೇ ನಿಂತಿತು.

“ಏನಂತೆ?”

“‘ಈ ಕಂಪ್ಯೂಟರಿಗೆ ಇನ್ನೊಬ್ಬರು ಸೇರಿಕೊಂಡಿದ್ದಾರೆ. ಮುಚ್ಚಿದರೆ ಅವರ ಸಂಪರ್ಕ ಕಡಿದುಹೋಗುತ್ತದೆ’ ಅಂತಿದೆ ಸಾರ್.”

“ಇನ್ನೊಬ್ಬರು ಅಂದ್ರೆ ಯಾರು?”

ರಿಪೇರಿಯವನು ಗೋಡೆಗುಂಟ ಏರಿ ತಾರಸಿಯ ತೂತಿನಲ್ಲಿ ಮರೆಯಾಗಿದ್ದ ನೀಲಿ ತಂತಿಯ ಕಡೆ ನೋಡಿದ. “ಮೇಲಿನ ಕೋಣೆಗೆ ನಾನೇ ಎಳೆದದ್ದಲ್ವಾ ಇದು?”

“ಅದು ಪುಟ್ಟಿಗೆ ಪ್ರಿಂಟ್ ತೆಗೆಯೋಕೆ ಅಂದಿದ್ದೆಯಲ್ಲಪ್ಪ!”

“ಪ್ರಿಂಟೂ ಬರುತ್ತೆ ಸಾರ್, ಇಲ್ಲಿರೋ ಫೈಲುಗಳೂ ಅಲ್ಲಿ ಕಾಣುತ್ತೆ. ಮೇಲೆ ಯಾರೋ ಇದನ್ನ ತೆರೆದುಕೊಂಡು ಕೂತಿದಾರೆ. ಅದಕ್ಕೇ ಅಳೀತಿಲ್ಲ.” ಅವನು ದನಿ ತಗ್ಗಿಸಿದ. “ತಂತಿ ಕಿತ್ತುಬಿಡ್ಲಾ? ಆಮೇಲೆ ಒಂದೇ ಏಟಿಗೆ ಹೋಗುತ್ತೆ.”

“ತಡಿ,” ಎಂದು ಪೋಸ್ಟ್ ಮಾಸ್ಟರು ಮೆಟ್ಟಿಲು ಹತ್ತಿದರು. ಇಷ್ಟು ದಿನ ಕೈಕಟ್ಟಿ ಕೂತ ತಮ್ಮ ಮೇಲೆಯೇ ಅವರಿಗೆ ಸಿಟ್ಟು ಉಕ್ಕುತ್ತಿತ್ತು.

ಮಗಳು ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ಹೆಜ್ಜೆಯ ಸದ್ದು ಕೇಳಿದರೂ ತಿರುಗಲಿಲ್ಲ.

“ಅಪ್ಪ, ಅಮ್ಮ ಸುಳ್ಳು ಬರೆದಿದಾಳೆ. ಮೂರೇ ಗುಟುಕು ಕೊಟ್ಟೆ ಅಂತೆ. ಆವತ್ತು ಐದು ಕೊಟ್ಟಿದ್ದೆ. ಕೊಡಬಾರದಿದ್ರೂ ಐದು ಕೊಟ್ಟಿದ್ದೆ.”

“ಸಿಟ್ಟಲ್ಲಿ ಬರೆದದ್ದು ಮಗಳೇ. ನಿನ್ನ ಕಣ್ಣಿಗೆ ಬೀಳದ ಹಾಗೆ ಅಳಿಸು ಅಂತ ನನ್ನ ಹತ್ರ ಆಣೆ ಮಾಡಿಸಿಕೊಂಡಿದ್ಲು.”

“ಅಳಿಸಬೇಡಿ.” ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. “ಇನ್ನೂ ಎರಡು ಪುಟ ಇದೆ. ಪೂರ್ತಿ ಬೈಸಿಕೊಂಡೇ ಕೆಳಗೆ ಬರ್ತೀನಿ.”

“ಸಾರ್, ಗಾಡಿ ಬಂತು!” ಕೆಳಗಿನಿಂದ ರಿಪೇರಿಯವನ ಕೂಗು. “ತಂತಿ ಕೀಳ್ಲಾ?”

ಪೋಸ್ಟ್ ಮಾಸ್ಟರ ತುಟಿ ಅಲುಗಿತು. ದೇವರಿಗೆ ಏನು ಹೇಳಿಕೊಂಡರೋ, ಹೊರಗೆ ಕೇಳಿಸಲಿಲ್ಲ. “ಬೇಡ! ಹಾಗೇ ಇರಲಿ ಬಿಡು,” ಎಂದು ಮೆಟ್ಟಿಲ ಕಡೆ ಕೂಗಿದರು.

ಕಿಟಕಿಯ ಬಿಸಿಲು ಪರದೆಗೆ ನೇರ ಹೊಡೆಯುತ್ತಿತ್ತು. ಅಕ್ಷರ ಕಾಣದೆ ಮಗಳು ಕಣ್ಣು ಕಿರಿದು ಮಾಡಿದಳು, ಒರೆಸಿಕೊಂಡಳು, ಮತ್ತೆ ಕಿರಿದು ಮಾಡಿದಳು. ಬೀದಿಯಲ್ಲಿ ಗಾಡಿಯವನು ಎರಡನೆಯ ಸಲ ಹಾರ್ನ್ ಒತ್ತಿದ. ಪೋಸ್ಟ್ ಮಾಸ್ಟರು ಕಿಟಕಿಗೆ ಬೆನ್ನು ಕೊಟ್ಟು ನಿಂತು, ತಮ್ಮ ನೆರಳು ಸರಿಯಾಗಿ ಅಕ್ಷರಗಳ ಮೇಲೆ ಬೀಳುವಂತೆ ಒಂದು ಹೆಜ್ಜೆ ಎಡಕ್ಕೆ ಸರಿದರು.