ಸಾಂಬ್ರಾಣಿಯ ಸೋಲಾರ್ ಬೇಲಿ

ಕಾಶೆವ್ವನ ಹೊಲದಲ್ಲಿ ಗೋವಿನಜೋಳದ ತೆನೆ ಹಾಲುಗಟ್ಟುವ ಹೊತ್ತಿಗೆ ಬೇಲಿ ಶಾಕ್ ಹೊಡೆಯುವುದನ್ನು ನಿಲ್ಲಿಸಿತು. ಹಳಿಯಾಳದ ನಮ್ಮ ತರಬೇತಿ ಕೇಂದ್ರದ ಮಕ್ಕಳು ಜುಲೈ ತಿಂಗಳಲ್ಲಿ ಪ್ರಾಜೆಕ್ಟ್ ಎಂದು ಸಾಂಬ್ರಾಣಿ ಊರಿನಲ್ಲಿ ಹಾಕಿಕೊಟ್ಟ ಸೋಲಾರ್ ಬೇಲಿ ಅದು. ಮುಟ್ಟಿದ ಹಂದಿ ಬೆದರಿ ಓಡಬೇಕು, ಸಾಯಬಾರದು. ಅದರ ಕೆಲಸ ಅಷ್ಟೇ. ಈಗ ಹಂದಿಗಳು ಎರಡು ಸಲ ನುಗ್ಗಿ ಎಂಟು ಸಾಲು ಮುಗಿಸಿದ್ದವು.

ಕಾಶೆವ್ವನ ಮಗ ಸುಭಾಸ ಫೋನು ಮಾಡಿದ. ಸಂಜೆಯೊಳಗೆ ರಿಪೇರಿ ಆಗದಿದ್ದರೆ ಮನೆಯ ಕರೆಂಟನ್ನೇ ತಂತಿಗೆ ಕೊಡುತ್ತೇನೆ ಎಂದ. ಹಾಗೆ ಕೊಟ್ಟ ತಂತಿ ಹಂದಿ ಯಾವುದು, ಶಾಲೆಗೆ ಹೋಗುವ ಮಗು ಯಾವುದು ಎಂದು ನೋಡುವುದಿಲ್ಲ. ನಾನು ಮೂವತ್ತು ವರ್ಷ ಮೋಟರ್ ರಿಪೇರಿ ಮಾಡಿ ಈಗ ಆ ಕೇಂದ್ರದಲ್ಲಿ ಕಲಿಸುವವನು. ಇಂಥ ತಂತಿ ಹಿಡಿದು ಬಿದ್ದವರನ್ನು ಕಂಡಿದ್ದೇನೆ. ಬೇಲಿ ಹಾಕಿದ ತರನ್ನುಮ, ಅರ್ಬಾಜ ಇಬ್ಬರನ್ನೂ ಗಾಡಿ ಹತ್ತಿಸಿಕೊಂಡು ಹೊರಟೆ.

ಬ್ಯಾಟರಿಯೇ ಹೋಗಿದೆ ಎಂದು ದಾರಿಯಲ್ಲೇ ತೀರ್ಮಾನಿಸಿದ್ದೆ. ಹೋದವನೇ ಹೊಸದನ್ನು ಹಾಕಿದೆ. ಅರ್ಬಾಜ ಹಸಿ ಹುಲ್ಲಿನ ಎಸಳನ್ನು ತಂತಿಗೆ ತಾಗಿಸಿದ. ಬೇಲಿಯಲ್ಲಿ ಜೀವವಿದ್ದರೆ ಎಸಳು ಹಿಡಿದ ಬೆರಳು ಚುರುಕ್ಕೆನ್ನುತ್ತದೆ. ಏನೂ ಇಲ್ಲ. ಸುಭಾಸ ಕಟ್ಟೆಯ ಮೇಲೆ ಕೂತು ಮನೆಯಿಂದ ಎಳೆದ ವೈರಿನ ತುದಿ ಹೆರೆಯತೊಡಗಿದ.

"ಸರ್, ಹಳೇ ಬ್ಯಾಟರಿನೂ ಚಲೋನ ಇತ್ತು. ಮೀಟರ್ ಹಚ್ಚಿ ನೋಡೇನಿ," ಎಂದಳು ತರನ್ನುಮ.

"ಮೊದಲ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲಲ್ರಿ."

ಅರ್ಬಾಜ ನಗು ನುಂಗಿಕೊಂಡ. ಅವಳು ಕಾಶೆವ್ವನ ಪಕ್ಕ ಹೋಗಿ ಕೂತಳು. ಬೇಲಿ ಯಾವಾಗಿನಿಂದ ನಿಂತಿತು, ಕೊನೆಗೆ ಯಾರಿಗೆ ಹೊಡೆಯಿತು ಎಂದು ವಿಚಾರಿಸಿದಳು. ಮಳೆ ಬಿಡುವು ಕೊಟ್ಟ ಮೇಲೆ ನಿಂತಿತು ಎಂದಳು ಕಾಶೆವ್ವ. ನಡುವೆ ಒಂದೇ ದಿನ, ತಾನು ಚಪ್ಪರದಲ್ಲಿ ಕರುವಿನ ಮೈ ತೊಳೆಯುವಾಗ, ಹೊರಗಿದ್ದ ಎಮ್ಮೆ ತಂತಿಗೆ ತಾಗಿ ಹಾರಿಬಿದ್ದಿತ್ತಂತೆ.

ತರನ್ನುಮ ಎದ್ದು ಒಂದು ಕೊಡ ನೀರನ್ನು ಚಪ್ಪರದ ಕೆಳಗಿನ ಅರ್ಥಿಂಗ್ ಸಲಾಕೆಯ ಬುಡಕ್ಕೆ ಸುರಿದಳು. ತಂತಿಯ ಕರೆಂಟು ಹಂದಿಯ ಕಾಲಿನಿಂದ ಮಣ್ಣಿಗಿಳಿದು ಈ ಸಲಾಕೆಯ ಮೂಲಕ, ಬೇಲಿಗೆ ಕರೆಂಟು ಬಿಡುವ ಪೆಟ್ಟಿಗೆಗೆ ಮರಳಬೇಕು. ಮಣ್ಣು ಒಣಗಿದರೆ ದಾರಿ ಕಡಿದಂತೆ. ಕರೆಂಟಿನ ಸಾಮಾನು ನೆನೆಯಬಾರದು ಎಂದು ಪಾಠ ಹೇಳಿದವನು ನಾನೇ. ಮಕ್ಕಳು ಸಲಾಕೆಯನ್ನೂ ನೆನೆಯದ ಜಾಗದಲ್ಲಿ ನೆಟ್ಟಾಗ ಭೇಷ್ ಎಂದವನೂ ನಾನೇ.

ಮತ್ತೆ ಎಸಳು ತಾಗಿಸಿದ ಅರ್ಬಾಜನ ಕೈ ಥಟ್ಟನೆ ಹಿಂದೆ ಬಂತು. ನಾನು ಸಾಮಾನು ಕಟ್ಟತೊಡಗಿದೆ.

"ತಡೀರಿ ಸರ್. ನೀರು ಹಾಕೂ ಮುಂದ ನನ್ನ ಕೈ ಸಲಾಕಿಗೆ ವೈರ್ ಹಿಡಿದಿರೂ ಕ್ಲಿಪ್ಪಿಗೆ ತಾಗೇತಿ. ಇದು ನೀರಿಂದ ಆಗಿದ್ದೋ, ಕ್ಲಿಪ್ಪಿಂದ ಆಗಿದ್ದೋ?" ಎಂದಳು ತರನ್ನುಮ.

"ನಡ್ಯಾಕತ್ತಿದ್ದನ್ನ ಯಾಕ ಕೆದಕ್ತಿ, ತಂಗಿ?" ಎಂದ ಸುಭಾಸ.

"ನಾಳೆ ಮತ್ತ ನಿಂತ್ರ ನೀವು ಮನಿ ಕರೆಂಟ್ ಕೊಡ್ತೀರಿ. ಅದಕ್ಕ."

ವೈರು ಹೆರೆಯುತ್ತಿದ್ದ ಅವನ ಚಾಕು ನಿಂತಿತು.

ಗಾಡಿಯಲ್ಲಿದ್ದ ಇನ್ನೊಂದು ಸಲಾಕೆಯನ್ನು ಅವಳು ಚಪ್ಪರದ ಒಣ ಮೂಲೆಯಲ್ಲಿ ಹೊಡೆಸಿ ಕ್ಲಿಪ್ಪನ್ನು ಅದಕ್ಕೆ ಬದಲಿಸಿದಳು. ಬೇಲಿ ಸತ್ತಿತು. ಅದನ್ನೇ ಕಿತ್ತು ಬಚ್ಚಲ ಮೋರಿಯ ಪಕ್ಕ ಹೊಡೆಸಿದಳು. ಬೇಲಿ ಎದ್ದಿತು. ಪೆಟ್ಟಿಗೆ ಅದೇ, ಕ್ಲಿಪ್ಪು ಅದೇ, ಸಲಾಕೆಯೂ ಅದೇ; ಬದಲಾದದ್ದು ಮಣ್ಣು ಮಾತ್ರ.

ಸುಭಾಸ ತಾನೇ ಒಂದು ಎಸಳು ಕಿತ್ತು ತಂತಿಗೆ ಹಿಡಿದ. ಕೈ ಕೊಡವಿಕೊಂಡು ತಾಯಿಯ ಕಡೆ ನೋಡಿದ. ಆಮೇಲೆ ಮನೆಯ ವೈರನ್ನು ಸುತ್ತಿ ಒಳಗೆ ಎಸೆದು, ದೊಡ್ಡ ಸುತ್ತಿಗೆ ತಂದು, ಮೋರಿಯ ಸಲಾಕೆಯನ್ನು ಇನ್ನೂ ಎರಡು ಅಡಿ ಇಳಿಸಿದ.

"ಬ್ಯಾಸಗ್ಯಾಗ ಈ ಮೋರಿನೂ ಒಣಗಿದ್ರ ಏನ್ ಮಾಡೂದು?" ಎಂದು ಕೇಳಿದ.

ನಾನು ಉತ್ತರ ಹೇಳಲು ಬಾಯಿ ತೆರೆದೆ. ತರನ್ನುಮ ಅಷ್ಟರಲ್ಲಿ ಅವನನ್ನೇ ಕೇಳಿಬಿಟ್ಟಳು: "ಹೊಲ ನಿಮ್ದು. ವರ್ಷಪೂರ್ತಿ ಎಲ್ಲಿ ಹಸಿ ಇರ್ತೈತಿ, ಅಣ್ಣಾ?"

ಸುಭಾಸ ಬೋರಿನ ಕಡೆ ಕೈ ತೋರಿಸಿದ. ಅಲ್ಲಿನ ಪೈಪು ಸೋರುವುದನ್ನು ಇಷ್ಟು ದಿನ ರಿಪೇರಿ ಮಾಡಿರಲಿಲ್ಲವಂತೆ. ಇನ್ನು ಮಾಡುವುದೂ ಇಲ್ಲ ಎಂದ.