ಅಕ್ಕನ ಟ್ರಯಲ್

ಅಕ್ಕ ಕಾರಿನ ಬಾಗಿಲು ತೆಗೆದು ಸ್ಟೀರಿಂಗ್ ಮುಂದೆ ಕೂತೇಬಿಟ್ಟಳು. ಕೈಗೆ ಮೆತ್ತಿದ್ದ ಗ್ರೀಸ್ ಒರೆಸುತ್ತಿದ್ದ ತಮ್ಮ ಬಟ್ಟೆ ಬಿಸಾಡಿ ಕಿಟಕಿಯ ಬಳಿ ಬಂದ. ಇದಕ್ಕೆ ಟ್ರಯಲ್ ಬೇಡ, ತಾನೇ ನೋಡಿದ್ದೇನೆ ಎಂದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಬ್ರೇಕ್ ರಿಪೇರಿಯಾದ ಗಾಡಿಯನ್ನು ಮನೆಯವರೊಬ್ಬರು ಎದುರಿನ ಇಳಿಜಾರಿನಲ್ಲಿ ಓಡಿಸಿ ನೋಡದೆ ಕೀ ಕೊಡುವಂತಿಲ್ಲ ಎನ್ನುವುದು ಆ ಗ್ಯಾರೇಜಿನಲ್ಲಿ ಅಪ್ಪ ಮಾಡಿಟ್ಟ ಪದ್ಧತಿ. ಅಪ್ಪನ ನಂತರ ಆ ಕೆಲಸ ಅಕ್ಕನದು. ಕುಂಟು ಕಾಲಿನಲ್ಲೇ ಕ್ಲಚ್ ಒತ್ತಿ ಅವಳು ಗಾಡಿ ಓಡಿಸುವ ಚೆಂದ ನೋಡಿ ತಮ್ಮ ಒಳಗೊಳಗೇ ಬೀಗುತ್ತಿದ್ದ. ಬಾಯಿಬಿಟ್ಟು ಹೇಳಿದರೆ ತಲೆ ಮೇಲೆ ಕೂರುತ್ತಾಳೆಂದು ಸುಮ್ಮನಿದ್ದ, ಅಷ್ಟೆ.

ಅಪ್ಪನನ್ನು ಕೊಂದು ಅವಳ ಕಾಲು ಮುರಿದವನು ಈ ಕಾರಿನ ಯಜಮಾನನೇ. ಕುಡಿದು ಫುಟ್‌ಪಾತಿನ ಮೇಲೆ ಗಾಡಿ ಹತ್ತಿಸಿದವನು ಸಾಕ್ಷಿಗಳ ಬಾಯಿ ಮುಚ್ಚಿಸಿ ಕೋರ್ಟಿನಿಂದ ಕೂದಲೂ ಕೊಂಕದೆ ಹೊರಬಂದಿದ್ದ. ಅಂದಿನಿಂದ ತಮ್ಮ ಹಲ್ಲು ಕಚ್ಚಿ ಕಾದಿದ್ದ. ಇವತ್ತು ಬೆಳಿಗ್ಗೆ ಆ ಮನುಷ್ಯ, ಇವರು ಯಾರೆಂಬ ಗುರುತೇ ಇಲ್ಲದೆ, ಬ್ರೇಕ್ ಸರಿಮಾಡಿ ಎಂದು ಕಾರು ಬಿಟ್ಟುಹೋಗಿದ್ದ. ಅಕ್ಕ ಆಗ ಒಳಗಿದ್ದಳು. ತಮ್ಮ ಬ್ರೇಕ್ ಪೈಪಿನ ನಟ್ಟನ್ನು ಬೇಕೆಂದೇ ಸಡಿಲ ಬಿಟ್ಟಿದ್ದ.

ಎಂಜಿನ್ ಶುರುವಾಯಿತು. ಅವನು ಓಡಿಹೋಗಿ ಕಾರಿಗೆ ಅಡ್ಡ ನಿಂತ.

"ಇಳಿಯಕ್ಕ, ನಿನ್ನ ಕಾಲಿಗೆ ಬೀಳ್ತೀನಿ."

ಅವಳು ಎಂಜಿನ್ ಆರಿಸಿದಳು. "ಕೋರ್ಟಲ್ಲಿ ಕೇಳಿದ ಅವನ ದನಿ ನಂಗೆ ಮರೆತುಹೋಗುತ್ತೇನೋ? ಬೆಳಿಗ್ಗೆನೇ ಗೊತ್ತಾಯ್ತು. ನೀನೇನ್ ಮಾಡ್ತೀಯ ಅಂತ ಕಾಯ್ತಾ ಇದ್ದೆ."

ತಮ್ಮ ತಲೆ ತಗ್ಗಿಸಿದ.

"ಅಪ್ಪ ಹೋದ್ರು. ನೀನೂ ಜೈಲಿಗೆ ಹೋದ್ರೆ ನಾನು ಯಾರ ಜೊತೆ ಜಗಳ ಆಡ್ಲಿ? ನೀನು ಕೆಡಿಸಿಟ್ಟಿದ್ದನ್ನ ಸರಿ ಮಾಡೋವರೆಗೂ ನಾನು ಇಳಿಯಲ್ಲ."

ತಮ್ಮನಿಗೆ ಸಿಟ್ಟೂ ಬಂತು, ಅಳುವೂ ಬಂತು. ಅವಳ ಹಟ ಅವನಿಗೆ ಹೊಸದಲ್ಲ. ಸ್ಪ್ಯಾನರ್ ಹಿಡಿದು ಕಾರಿನಡಿ ನುಸುಳಿದ. ನಟ್ಟು ಬಿಗಿದ ಮೇಲೆ, ಪೈಪಿನೊಳಗೆ ಸೇರಿದ ಗಾಳಿ ಹೋಗಲೆಂದು ಎಷ್ಟೋ ಹೊತ್ತು ಅವನು ಕೆಳಗಿನಿಂದ ತುಳಿ ಎನ್ನುವುದು, ಅವಳು ಮೇಲಿನಿಂದ ಪೆಡಲ್ ತುಳಿಯುವುದು ನಡೆಯಿತು. ಆಮೇಲೆ ಇಬ್ಬರೂ ಇಳಿಜಾರಿಗೆ ಹೋಗಿಬಂದರು. ಪಕ್ಕದಲ್ಲಿ ಕೂತವನ ಮೂಗಿನ ಮೇಲಿದ್ದ ಗ್ರೀಸನ್ನು ಅವಳು ಸೆರಗಿನಿಂದ ಒರೆಸಿ, ಎಮ್ಮೆ ಎಂದು ಬೈದಳು.

ಸಂಜೆ ಆ ಮನುಷ್ಯ ಬಂದ. ಅಕ್ಕನೇ ಕೀ ಕೊಟ್ಟಳು. ಅವನು ಅವಳ ಕುಂಟುವ ಕಾಲನ್ನು ನೋಡಿದ, ಮುಖ ನೋಡಲಿಲ್ಲ.

"ನಾನೇ ಓಡಿಸಿ ನೋಡಿದೀನಿ," ಎಂದಳು. "ಬ್ರೇಕ್ ಚೆನ್ನಾಗಿ ಹಿಡಿಯುತ್ತೆ."

ಕಾರು ಹೋಗುವುದನ್ನು ಇಬ್ಬರೂ ಬಾಗಿಲಲ್ಲಿ ನಿಂತು ನೋಡಿದರು. ಅಕ್ಕನ ಕೈ ಅವನ ತೋಳನ್ನು ಬಿಗಿಯಾಗಿ ಹಿಡಿದಿತ್ತು. ಇಳಿಜಾರಿನ ಕೊನೆಯಲ್ಲಿ ಹಿಂದಿನ ಕೆಂಪು ದೀಪಗಳು ಹತ್ತಿದವು, ಕಾರು ನಿಂತಿತು. ಯಾರೋ ಒಬ್ಬ ಹೆಂಗಸು ಚೀಲ ಹೊತ್ತುಕೊಂಡು ನಿಧಾನವಾಗಿ ರಸ್ತೆ ದಾಟಿದಳು.