ಸಾಹುಕಾರರ ಲಾರಿ ನಂಬರು

ಸಾಹುಕಾರರು ಪಾಸ್‌ವರ್ಡ್ ಮರೆತಿದ್ದರೆ ನನಗೆ ಅಷ್ಟು ತಲೆ ಕೆಡುತ್ತಿರಲಿಲ್ಲ. ಮರೆತಿಲ್ಲ, ಮರೆತಿಲ್ಲ ಅನ್ನುತ್ತಿದ್ದರಲ್ಲ, ಅದಕ್ಕೇ ಕೆಟ್ಟಿತು.

ಹಿರಿಯೂರಿನ ನಮ್ಮ ಕುರಿಗಾರರ ಸಂಘಕ್ಕೆ ನಾನು ಕಾರ್ಯದರ್ಶಿ. ಯಾರ ಕುರಿಯ ಕಿವಿಯಲ್ಲಿ ಯಾವ ನಂಬರಿನ ಟ್ಯಾಗ್ ಇದೆ ಎಂಬುದೆಲ್ಲ ಆಫೀಸಿನ ಮೂಲೆಯ ಸರ್ವರಿನಲ್ಲಿ ಇರುತ್ತದೆ. ಮಾರಿಕಣಿವೆ ಕಡೆಯ ದೊಡ್ಡಕ್ಕನ ಮಂದೆಯನ್ನು ಯಾರೋ ಲಾರಿಗೆ ತುಂಬಿಕೊಂಡು ಹೊರಟು ಹೈವೇಯಲ್ಲಿ ಸಿಕ್ಕಿಬಿದ್ದಿದ್ದರು. ಕುರಿಗಳು ಠಾಣೆಯ ಕಾಂಪೌಂಡಿನಲ್ಲಿದ್ದವು. ಲಾರಿಯವನು ಮಾತ್ರ ಸಂತೆಯಲ್ಲಿ ಕೊಂಡ ಕುರಿ ಅಂತ ರಸೀದಿ ಹಿಡಿದು ಕೂತಿದ್ದ. "ನಾನು ಕರದ್ರೆ ಬರ್ತಾವೆ ಸ್ವಾಮಿ" ಅಂತ ದೊಡ್ಡಕ್ಕ ಹೇಳಿದಳಂತೆ. ಸೊಪ್ಪು ತೋರಿಸಿದರೆ ಯಾರ ಹಿಂದೆಯೂ ಬರುತ್ತವೆ, ಸಂಜೆಯೊಳಗೆ ಸಂಘದಿಂದ ಟ್ಯಾಗ್ ನಂಬರು ತನ್ನಿ, ಇಲ್ಲದಿದ್ದರೆ ಅವನಿಗೇ ಬಿಡಬೇಕಾಗುತ್ತದೆ ಅಂದರಂತೆ ಎಸ್‌ಐ. ಆ ಮಂದೆ ಬಿಟ್ಟರೆ ಅವಳಿಗೆ ಬೇರೆ ಬದುಕಿಲ್ಲ.

ಅವತ್ತೇ ನಮ್ಮ ಸರ್ವರ್ ಮುನಿಸಿಕೊಳ್ಳಬೇಕೆ. ಕರೆಂಟು ಹೋಗಿ ಬಂದಿದ್ದೇ ತಡ, ನನ್ನ ಪಾಸ್‌ವರ್ಡನ್ನು ಮೂಸಿಯೂ ನೋಡದೆ ಅಡ್ಮಿನ್ ಪಾಸ್‌ವರ್ಡೇ ಬೇಕು ಅಂತ ಕೂತಿತು. ಅದು ಗೊತ್ತಿದ್ದದ್ದು ಅಧ್ಯಕ್ಷರಾದ ಮುರುಗಪ್ಪ ಸಾಹುಕಾರರೊಬ್ಬರಿಗೇ. ಸರ್ವರ್ ತಂದ ದಿನ ಪೂಜೆ ಮಾಡಿಸಿ, ಎಲ್ಲರನ್ನೂ ಆಚೆ ಕಳಿಸಿ, ತಾವೇ ಹಾಕಿದ್ದರು.

"ನನ್ ಮೊದಲ್ನೇ ಲಾರಿ ನಂಬರು ಕಣಮ್ಮ. ಅದು ಮರೀತೈತಾ?" ಅನ್ನುತ್ತ ಬಂದು, ಒಂದೇ ಬೆರಳಲ್ಲಿ ಒತ್ತಿದರು. ತಪ್ಪು ಅಂತ ಬಂತು. ಮತ್ತೆ ಒತ್ತಿದರು. ಮತ್ತೂ ತಪ್ಪು.

ಚಿತ್ರದುರ್ಗದಿಂದ ಗುರುರಾಜನನ್ನು ಕರೆಸಿದೆ. ನಮ್ಮ ಕಂಪ್ಯೂಟರುಗಳ ರಿಪೇರಿ ಅವನದೇ. ದೊಡ್ಡಕ್ಷರ, ಸಣ್ಣಕ್ಷರ, ನಡುವೆ ಜಾಗ ಬಿಟ್ಟು, ಬಿಡದೆ, ಎಲ್ಲ ಹಾಕಿಸಿದ. ಕೀಬೋರ್ಡ್ ಬದಲಾಯಿಸಿದ. ಪಾಸ್‌ವರ್ಡ್ ಇಲ್ಲದೆ ಒಳಗೆ ಹೋಗುವ ದಾರಿಯೂ ಒಂದಿದೆಯಂತೆ, ಆದರೆ ಅದಕ್ಕೆ ಮಿಷನ್ ಶುರುವಾಗುವಾಗ ಕೇಳುವ ಇನ್ನೊಂದು ಪಾಸ್‌ವರ್ಡ್ ಬೇಕಂತೆ. ಸಾಹುಕಾರರು ಅಲ್ಲೂ ಅದನ್ನೇ ಇಟ್ಟಿದ್ದರು. ಕೊನೆಗೆ ನಾನು ಹೊಸದುರ್ಗದಲ್ಲಿರುವ ಅವರ ಮಗಳಿಗೆ ಫೋನ್ ಮಾಡಿ, ಅವಳ ಮನೆಯ ಗೋಡೆಯ ಮೇಲಿನ ಹಳೇ ಲಾರಿ ಫೋಟೊದಿಂದ ನಂಬರು ಓದಿಸಿದೆ. ಸಾಹುಕಾರರು ಹೇಳಿದ್ದಕ್ಕೂ ಅದಕ್ಕೂ ಒಂದಂಕಿಯೂ ವ್ಯತ್ಯಾಸವಿಲ್ಲ. ನಂಬರು ಸರಿ, ಕೀಬೋರ್ಡು ಸರಿ, ಮಿಷನ್ನೂ ಅದೇ. ಹಾಗಾದರೆ ಯಾವುದು ತಪ್ಪು? ನನ್ನ ತಲೆ ಮೊಸರು ಗಡಿಗೆಯಾಯಿತು.

"ಬೇರೆ ಏನೋ ಹಾಕಿದಾರೆ ಗುರುರಾಜ. ಮರ್ತು ಹೋಗೈತೆ. ವಯಸ್ಸಾತಲ್ಲ, ಅರಳುಮರಳು" ಅಂದೆ. ಮೆಲ್ಲಗೆ ಮಾತಾಡಿ ನನಗೆ ಅಭ್ಯಾಸವಿಲ್ಲ. ಸಾಹುಕಾರರು ಬಾಯೊಳಗೇ ಲಾರಿ ನಂಬರು ಹೇಳಿಕೊಳ್ಳುತ್ತ ಕುಳಿತರು. ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತಿದ್ದ ದೊಡ್ಡಕ್ಕ ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡಿದಳು.

ಬಿಸಿಲು ಇಳಿಯತೊಡಗಿತು. ಗುರುರಾಜ ಕೈಚೆಲ್ಲಿದ. "ಮೇಡಂ, ಇದರ ಡಿಸ್ಕ್ ಬೆಂಗ್ಳೂರಿಗೆ ಕಳ್ಸಾಣ. ಒಂದು ವಾರ ಆಗ್ತೈತೆ. ಅಲ್ಲೀತನ್ಕ ಕೆಲ್ಸ ನಿಲ್ಲೋದು ಬ್ಯಾಡ, ಪಕ್ಕದ ಕಂಪ್ಯೂಟ್ರಿಗೆ ಹೊಸ ಸರ್ವರ್ ಹಾಕ್ತೀನಿ."

"ವಾರ ಅಂದ್ರೆ, ನನ್ ಕುರಿ?" ಅಂದಳು ದೊಡ್ಡಕ್ಕ. ಗುರುರಾಜ ತಲೆ ತಗ್ಗಿಸಿ ಪಕ್ಕದ ಕಂಪ್ಯೂಟರಿನ ಮುಂದೆ ಕೂತ.

ಹೊಸದು ಸಿದ್ಧವಾದಾಗ ಪಾಸ್‌ವರ್ಡ್ ಹಾಕಲು ಸಾಹುಕಾರರನ್ನೇ ಕರೆದ. ಅವರು ಚಪ್ಪಲಿ ಬಿಟ್ಟು, ಹಣೆಯ ವಿಭೂತಿ ಸರಿಮಾಡಿಕೊಂಡು ಕುಳಿತರು. ಈ ಸಲ ನಾನು ಕಣ್ಣು ಕೀಲಿಸಿ ಪಕ್ಕದಲ್ಲೇ ನಿಂತೆ. ಬೆರಳು ಮೊದಲು ಹೋದದ್ದು ಎಸ್ ಮೇಲೆ. ಲಾರಿ ನಂಬರಿಗೆ ಎಲ್ಲಿಯ ಎಸ್?

"ಸಾಹುಕಾರ್ರೆ, ಏನ್ ಹಾಕ್ತಿದೀರಿ?"

"ಶ್ರೀ ಹಾಕ್ತಿದೀನಮ್ಮ."

"ಯಾವ ಶ್ರೀ?"

"ಇದೇನಮ್ಮ ಹಿಂಗೆ ಕೇಳ್ತಿ. ಹೊಸ ಪುಸ್ತಕ ತೆಗದ್ರೆ ಮೇಲೆ ಶ್ರೀ ಬರೀದೆ ಒಳಗೆ ಬರೀತಾರಾ?"

"ಹಳೇದಕ್ಕೂ ಹಾಕಿದ್ರಾ?"

"ಹಾಕ್ದೆ ಇರ್ತೀನಾ. ಅವತ್ತು ಅದೂ ಹೊಸದೇ ಅಲ್ವಾ?"

"ಮತ್ತೆ ಬೆಳಿಗ್ಗಿಂದ ಯಾಕೆ ಹಾಕ್ಲಿಲ್ಲ?"

ಅವರು ನಿಜಕ್ಕೂ ಗಲಿಬಿಲಿಗೊಂಡು ನನ್ನನ್ನು ನೋಡಿದರು. "ನೀವು ಕೇಳಿದ್ದು ಪಾಸ್‌ವರ್ಡು. ಶ್ರೀ ಎಲ್ಲಿ ಪಾಸ್‌ವರ್ಡು? ಬರೆದು ಮುಗ್ಸಿರೋ ಪುಸ್ತಕದ ನಡುವೆ ಯಾರಾದ್ರೂ ಮತ್ತೆ ಶ್ರೀ ಹಾಕ್ತಾರಾ?"

ಗುರುರಾಜ ಅವರನ್ನು ಕುರ್ಚಿಸಮೇತ ಹಳೇ ಸರ್ವರಿನ ಕಡೆ ತಿರುಗಿಸಿದ. "ಇದು ಹೊಸದು ಅಂತ ತಿಳ್ಕಂಡು ಒತ್ರಿ, ಸಾಹುಕಾರ್ರೆ." ಸಾಹುಕಾರರು ಇಷ್ಟವಿಲ್ಲದ ಮನಸ್ಸಿನಿಂದ ಶ್ರೀ ಹಾಕಿ, ಹಿಂದೆಯೇ ಲಾರಿ ನಂಬರು ಹಾಕಿದರು. ತೆರೆಯಿತು. ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ದೊಡ್ಡಕ್ಕನ ಹೆಸರಿನ ನಂಬರುಗಳನ್ನು ಪ್ರಿಂಟು ಹೊಡೆದು ಗುರುರಾಜನ ಕಾರಿನಲ್ಲಿ ನಾಲ್ವರೂ ಠಾಣೆಗೆ ಓಡಿದೆವು. ಲಾರಿಯವನು ಆಗಲೇ ಕುರಿಗಳ ಹಗ್ಗ ಬಿಚ್ಚುತ್ತಿದ್ದ. ಎಸ್‌ಐ ಒಂದೊಂದೇ ನಂಬರು ಓದಿದರು, ಪೇದೆ ಒಂದೊಂದೇ ಕಿವಿ ಹಿಡಿದು ನೋಡಿದ. ಎಲ್ಲವೂ ಸರಿಹೊಂದಿದವು. ದೊಡ್ಡಕ್ಕ ಕುರಿಗಳ ನಡುವೆ ಕೂತು, ಸಿಕ್ಕ ಕುರಿಯ ಕುತ್ತಿಗೆ ತಬ್ಬಿಕೊಂಡು ಜೋರಾಗಿ ಅತ್ತಳು.

ಆಮೇಲೆ ಎದ್ದು ಬಂದು ಸಾಹುಕಾರರಿಗೆ ಕೈಮುಗಿದಳು. "ತಪ್ಪು ತಿಳೀಬ್ಯಾಡ್ರಿ ಸಾಹುಕಾರ್ರೆ. ನಿಮ್ಗೆ ಅರಳುಮರಳು ಅಂತ ಮೇಡಮ್ಮರು ಅಂದಾಗ, ನಾನೂ ನಂಬಿಬಿಟ್ಟಿದ್ದೆ."

ಸಾಹುಕಾರರು ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು.

"ನಾನೂ ನಂಬಿಬಿಟ್ಟಿದ್ದೆ ಕಣವ್ವ" ಅಂದರು.